ಟಾಕೀಸಿನ ಮುಂದಿನ ಸೋಡಾದಾತ

ವರ್ಷದ ಸಿನಿಮಾ ಪ್ರಶಸ್ತಿಗಳ ಸುದ್ದಿ ಬಂದಾಗಲೆಲ್ಲ ಸಿಂಧನೂರಿನ ಟಾಕೀಸಿನ ಮುಂದೆ ಅಭಿಮಾನಿಗಳ ವಾದ ಶುರುವಾಗುತ್ತಿತ್ತು. ದನಿ ಏರಿದ ಕೂಡಲೇ ಅಲ್ಲಿಯ ಸೋಡಾದಾತ ಯಾರೂ ಕೇಳದಿದ್ದರೂ ಗೋಲಿ ಒತ್ತಿ ಸೋಡಾ ಬಾಟಲಿಗಳನ್ನೆಲ್ಲ ತೆರೆದಿಡುತ್ತಿದ್ದ. "ಮೊದಲು ಕುಡೀರೆಪಾ, ಆಮ್ಯಾಲ ಬಡದಾಡ್ರಿ" ಎನ್ನುತ್ತಿದ್ದ. ವ್ಯಾಪಾರದ ಉಪಾಯವೆಂದುಕೊಂಡಿದ್ದೆ.

ಆ ಸಲ ಕಾಲೇಜು ಓದಿದ ಗತ್ತಿನಲ್ಲಿ ನಾನು, "ನಿಮ್ಮ ಹೀರೋಗ ಅಳಾಕ ಬರೂದಿಲ್ಲ, ಪ್ರಶಸ್ತಿ ಯಾಕ?" ಎಂದುಬಿಟ್ಟೆ.

"ಏನಂದಿ ಲೇ?" ಎನ್ನುತ್ತ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುವ ಅಭಿಮಾನಿಯೊಬ್ಬ ಸೋಡಾದಾತನ ಬಾಟಲಿ ಕಸಿದು ನನ್ನ ತಲೆಯ ಮೇಲೆತ್ತಿದ. ಗೋಲಿ ಒತ್ತಿ ತೆರೆಯದ ಸೋಡಾ ಬಾಟಲಿ ಬಡಿದರೆ ಒಳಗಿನ ಗ್ಯಾಸಿಗೆ ಬಾಂಬಿನಂತೆ ಸಿಡಿಯುತ್ತದೆ. ಕಣ್ಣು ಮುಚ್ಚಿದೆ.

ಬಾಟಲಿ ಆಗಲೇ ತೆರೆದಿಟ್ಟದ್ದು. ಸೋಡಾವೆಲ್ಲ ಸುರಿದು ಅವನ ಮುಖವನ್ನೇ ತೋಯಿಸಿತು. ಎಲ್ಲರೂ ನಕ್ಕರು; ಕೊನೆಗೆ ಅವನೂ ನಕ್ಕು ಬಾಟಲಿ ಕೆಳಗಿಟ್ಟ.

ಸೋಡಾದಾತ ನನ್ನ ಕೈಗೆ ಇನ್ನೊಂದು ಕೊಟ್ಟು, ಕಣ್ಣೀರಿಳಿದಿದ್ದ ನನ್ನ ಮುಖ ನೋಡಿದ.

"ಅಳಾಕ ನಿನಗ ಛಲೋ ಬರ್ತದ ಬಿಡು. ಮೊದಲು ಕುಡಿ."