ಬಿಜಲಿಯ ಬೆನ್ನು ನೀವಲು ಗಲಗಲಿಗೆ

ಧಾರವಾಡದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ಕಂಡಕ್ಟರ್ ನನ್ನ ಹೆಂಡತಿಗೆ ಸೊನ್ನೆ ಟಿಕೆಟ್ ಕೊಟ್ಟ, ನನಗೆ ದುಡ್ಡಿನದು. ಕುದುರೆಯ ಪಕ್ಕಕ್ಕೆ ಹೋಗಿ ನಿಲ್ಲುವವಳು ಪುಕ್ಕಟೆ ಹೊರಟಿದ್ದಳು. ದೂರ ನಿಂತು ಹೆದರುವವನು ಕಾಸು ಕೊಟ್ಟು ಹೊರಟಿದ್ದೆ.

ಸುನಂದಾ ಪಶುವೈದ್ಯೆ. ಕುದುರೆಗಳ ಕುತ್ತಿಗೆ, ಬೆನ್ನನ್ನು ಬರಿಗೈಯಿಂದ ನೀವಿ, ಒತ್ತಿ, ಬಿಗಿದ ಕೀಲು ಸಡಿಲಿಸುವ ಚಿಕಿತ್ಸೆಯನ್ನು ಪುಣೆಯಲ್ಲಿ ಕಲಿತು ಬಂದವಳು. ಕೈರೋಪ್ರಾಕ್ಟಿಕ್ ಅನ್ನುತ್ತಾರೆ. ಹೋದ ವರ್ಷ ಹೀಗೇ ನೀವುತ್ತಿದ್ದಾಗ ಕುದುರೆಯೊಂದು ಒದ್ದು ಅವಳ ಎರಡು ಪಕ್ಕೆಲುಬು ಮುರಿದವು. ಆ ಸದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಮೇಲೆ ಅವಳು ಕುದುರೆ ಮುಟ್ಟಿರಲಿಲ್ಲ. ಈಗ ಗಲಗಲಿಯಿಂದ ಕರೆ ಬಂದದ್ದೇ ತಡ, ಚೀಲ ತುಂಬಿದಳು. "ನೀವೂ ಬರ್ರಿ" ಎಂದಳು. ಚೀಲ ಹೊರಲಿಕ್ಕಿರಬೇಕು ಅಂದುಕೊಂಡೆ. ಸುಖವಾಗಿ ಕೆಲಸ ಮುಗಿದರೆ, ಇದೇ ಕೊನೆಯ ಕುದುರೆ ಎಂದು ಹೇಳಿಬಿಡುವುದಾಗಿ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

ಲೋಕಾಪುರದಲ್ಲಿ ಬಸ್ಸು ನಿಂತಿತು. ಅವಳು ಬಿಸಿ ಮಿರ್ಚಿ ಭಜಿ ತಿಂದಳು. ನಾನು ಚಹಾ ಕೂಡ ಮುಟ್ಟಲಿಲ್ಲ. ಮುಧೋಳದಲ್ಲಿ ಇಳಿದು ಟಂಟಂ ಆಟೋ ಹಿಡಿದೆವು. ಕಬ್ಬು ಕಡಿಯುವ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ ತೊನೆಯುತ್ತ ಬರುತ್ತಿದ್ದವು. ಒಂದೊಂದು ಎದುರಾದಾಗಲೂ ನಾನು ಕಣ್ಣು ಮುಚ್ಚಿದೆ. "ಇದಕ್ಕ ಇಷ್ಟು ಅಂಜಿದ್ರ ಮುಂದ ಹೆಂಗ್ರಿ?" ಎಂದು ಸುನಂದಾ ನಕ್ಕಳು.

ಗಲಗಲಿಯಲ್ಲಿ ಮಲ್ಲಪ್ಪನ ಮನೆ ಕೃಷ್ಣೆಯ ದಂಡೆಗೆ ಹತ್ತಿರ. ಈ ಕಡೆ ಗಾಡಿ ಓಟಕ್ಕೆ ಷರತ್ತು ಅನ್ನುತ್ತಾರೆ, ಒಂದೇ ನೊಗಕ್ಕೆ ಒಂದು ಕುದುರೆ, ಒಂದು ಎತ್ತು ಕಟ್ಟಿ ಓಡಿಸುವುದೂ ಉಂಟು. ಮಲ್ಲಪ್ಪನ ಬಿಳಿ ಹೆಣ್ಣು ಕುದುರೆ ಬಿಜಲಿ ಅಂಥ ಗಾಡಿಯದು.

"ಬರ್ರಿ ಡಾಕ್ಟರ್ ಬಾಯಾರ. ಒಂದ್ ವಾರಾತ್ರಿ, ಕುತ್ತಿಗಿ ಎಡಕ್ಕ ಹೊಳ್ಳಸವಲ್ದು. ಮೈ ಮುಟ್ಟಿಸಿಗೊಳ್ಳವಲ್ದು. ಮುರುದು ಗಿರದು ಆಗೂದಿಲ್ಲಲ್ರೀ?" ಎಂದು ಮಲ್ಲಪ್ಪ ಕೇಳಿದ. ನಾನು ಕೇಳಬೇಕೆಂದಿದ್ದುದನ್ನೇ ಅವನು ಕೇಳಿದ್ದ, ಕುದುರೆಯ ಕುರಿತು ಮಾತ್ರ.

ಡಾಕ್ಟರು ಬರುತ್ತಾರೆಂದು ಅವನು ಅಂಗಳ ಸಾರಿಸಿ, ಎಲ್ಲ ದನಗಳನ್ನು ಬೇರೆ ಕಡೆ ಕಟ್ಟಿ, ಬಿಜಲಿಯೊಂದನ್ನೇ ನಡುವೆ ನಿಲ್ಲಿಸಿದ್ದ. ಅದು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮೈ ಬೆವೆತಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ಒದೆಯುವ ಕುದುರೆಗೆ ಅಂಟಿಕೊಂಡೇ ನಿಲ್ಲಬೇಕು, ಮಾರು ದೂರ ನಿಂತವನಿಗೇ ಪೆಟ್ಟು ಜೋರು ಎಂದು ಸುನಂದಾ ಯಾವಾಗಲೂ ಹೇಳುತ್ತಾಳೆ. ಮಾರು ದೂರ ನಿಂತವನು ನಾನೇ.

ಅವಳು ಕುದುರೆಯ ಹೆಗಲ ಮೇಲೆ ಕೈಯಿಟ್ಟು ಬೆನ್ನಗುಂಟ ಮೆಲ್ಲಗೆ ಸರಿಸಿದಳು. ಬಿಜಲಿ ಒಮ್ಮೆಲೇ ಹಾರಿ ಹಿಂಗಾಲು ಝಾಡಿಸಿತು. ನೀರಿನ ಡ್ರಮ್ಮು ಬಿರಿದು ನನ್ನ ಕಾಲೆಲ್ಲ ಒದ್ದೆಯಾಯಿತು. ಸುನಂದಾ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು, ಒಂದು ಕೈ ಪಕ್ಕೆಯ ಮೇಲೆ.

"ಸಾಕು ಸುನಂದಾ, ನಡಿ ಹೋಗೂಣು" ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಕುದುರೆಯ ಕಿವಿಗಳನ್ನು ನೋಡುತ್ತಿದ್ದಳು. ಎರಡೂ ಹೊಳೆಯ ದಿಕ್ಕಿಗೆ ನಿಮಿರಿದ್ದವು. ಅತ್ತ ಕೊರಳ ಗಂಟೆಯೊಂದು ಆಗಾಗ ಕೇಳುತ್ತಿತ್ತು.

"ಇದರ ಜೋಡಿ ಎತ್ತು ಎಲ್ಲೈತ್ರಿ?"

"ಕೆಂದ್ಯಾ ಏನ್ರಿ? ನಿಮಗ ಅಡ್ಡ ಬರಬಾರ್ದಂತ ಹೊಳಿ ದಂಡಿಗೆ ಕಟ್ಟೇನ್ರಿ."

"ಕರಕೊಂಡು ಬರ್ರಿ. ದಿನಾ ಒಂದ ಗ್ವಾದಲ್ಯಾಗ ತಿನ್ನೂವಲ್ಲೇನ್ರಿ ಇವು?"

ಮಲ್ಲಪ್ಪ ಹಣೆ ಬಡಿದುಕೊಂಡು ಓಡಿದ. ಮರ್ಯಾದೆಗೆಂದು ಮಾಡಿದ್ದು ಮುಳುವಾಗಿತ್ತು. ಕೆಂದ ಬಂದು ಪಕ್ಕಕ್ಕೆ ನಿಂತಿತು. ಬಿಜಲಿ ಅದರ ಬೆನ್ನ ಮೇಲಿನ ಇಣಿಗೆ ಮೂತಿ ತಾಗಿಸಿ ದೊಡ್ಡದಾಗಿ ಉಸಿರು ಬಿಟ್ಟಿತು. ಮಲ್ಲಪ್ಪ ಕುದುರೆಯ ತಲೆ ಹಿಡಿಯಬೇಕು, ಹಾಗಾದರೆ ಎತ್ತಿನ ಹಗ್ಗ ಯಾರು ಹಿಡಿಯುವುದು? ಇಬ್ಬರೂ ನನ್ನತ್ತ ನೋಡಿದರು. ಎರಡೂ ಕೈಯಿಂದ ಹಗ್ಗ ಹಿಡಿದು ನಿಂತೆ.

ಸುನಂದಾ ಬೆರಳುಗಳಿಂದ ಕುತ್ತಿಗೆಯ ಬುಡವನ್ನು ತಡಕಿದಳು. ಎತ್ತು ಗಿಡ್ಡ, ಕುದುರೆ ಎತ್ತರ. ನೊಗ ಓರೆಯಾಗಿ ಒಂದೇ ಬದಿಯನ್ನು ಎಳೆದೆಳೆದು ಬಿಗಿ ಹಿಡಿಸಿದೆ ಎಂದಳು. ಬಹಳ ಹೊತ್ತು ನೀವಿದಳು. ಆಮೇಲೆ ಅಂಗೈ ಊರಿ ಚಕ್ಕನೆ ಒತ್ತಿದಳು. ಸಣ್ಣದೊಂದು 'ಟಕ್' ಕೇಳಿತು. ಹೋದ ವರ್ಷದ ಸದ್ದೇ ಅನಿಸಿ ಹಗ್ಗ ಬಿಟ್ಟು ಅವಳತ್ತ ಹೋಗಿಬಿಡುತ್ತಿದ್ದೆ. ಅಷ್ಟರಲ್ಲಿ ಬಿಜಲಿ ಬಾಯಿ ಅಗಲಿಸಿ ಆಕಳಿಸಿತು, ತುಟಿ ನೆಕ್ಕಿಕೊಂಡಿತು. ತುಸು ಹೊತ್ತಿಗೆ ಕುತ್ತಿಗೆ ಎಡಕ್ಕೆ ಹೊರಳಿಸಿ ನಮ್ಮನ್ನೆಲ್ಲ ನೋಡಿತು.

"ಹೊಳ್ಳಿ ನೋಡ್ತಲ್ರೀ!" ಮಲ್ಲಪ್ಪನ ಕಣ್ಣು ತುಂಬಿದ್ದವು.

"ಒಂದ ತಿಂಗಳು ನೊಗ ಹಚ್ಚಬ್ಯಾಡ್ರಿ. ಷರತ್ತಿನ ಹೆಸರ ತಗೀಬ್ಯಾಡ್ರಿ."

ಅವನ ಮುಖ ಸಣ್ಣದಾಯಿತು. "ಆತ್ರಿ. ಜೀವಕ್ಕಿಂತ ಷರತ್ತು ದೊಡ್ಡದೇನ್ರಿ" ಎಂದ.

ಊಟಕ್ಕೆ ಮಲ್ಲಪ್ಪನ ಮನೆಯಲ್ಲೇ ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬೆಳಗಿನಿಂದ ಉಪವಾಸವಿದ್ದವನು ಬಕಾಸುರನಂತೆ ತಿಂದೆ. ಬಸ್ಸಿಗೆ ಕಾಯುವಾಗ ಕೊನೆಯ ಕುದುರೆಯ ಮಾತು ತೆಗೆಯಬೇಕೆಂದು ಬಾಯಿ ತೆರೆದೆ. ಅವಳ ಫೋನು ಬಡಿದುಕೊಂಡಿತು. ಹುನ್ನೂರಿನಿಂದ; ಅಲ್ಲೊಂದು ಕುದುರೆ ಮೇಲೇಳುತ್ತಿಲ್ಲವಂತೆ. ಮಲ್ಲಪ್ಪನೇ ನಂಬರು ಕೊಟ್ಟಿದ್ದ.

ಅವಳು ಫೋನು ಕೆಳಗಿಟ್ಟಾಗ ಕೈ ನೋಡಿದೆ. ಅಷ್ಟು ಹೊತ್ತು ಬಂಡೆಯಂತೆ ಇದ್ದ ಆ ಕೈಗಳು ಮಡಿಲಲ್ಲಿ ಗಡಗಡ ನಡುಗುತ್ತಿದ್ದವು.

"ನಿನಗೂ ಅಂಜಿಕಿ ಆಗಿತ್ತೇನ?"

"ಆಗದ ಏನ್ರಿ? ಒಬ್ಬಾಕಿನ ಬರಾಕ ಧೈರ್ಯ ಇದ್ದಿದ್ರ ನಿಮ್ಮನ್ಯಾಕ ಕರೀತಿದ್ದೆ?" ಎಂದಳು. ಚೀಲವನ್ನು ನನ್ನ ಕಡೆ ಸರಿಸಿ, "ಹುನ್ನೂರಿಗೆ ಬರ್ತೀರಿಲ್ಲೋ?" ಎಂದಳು.

ಬೆಳಗಿನಿಂದ ಗಟ್ಟಿ ಮಾಡಿಕೊಂಡಿದ್ದ ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ. ಹುನ್ನೂರಿನ ದಾರಿಯ ಜಮಖಂಡಿ ಬಸ್ಸು ಬಂತು. ಕಿಟಕಿಯಿಂದ ತಿರುಗಿ ನೋಡಿದಾಗ ಹೊಳೆಯ ದಂಡೆಯಲ್ಲಿ ಬಿಜಲಿ, ಕೆಂದ ಹೆಗಲಿಗೆ ಹೆಗಲು ತಾಗಿಸಿ ಮೇಯುತ್ತಿದ್ದವು. ಕಂಡಕ್ಟರ್ ಬಂದ.

"ಜಮಖಂಡಿ, ಎರಡು" ಎಂದೆ.