ಆಷಾಢದ ಹೆಸರು ಹೇಳಿದ್ದು ನಾನು

ಅಮ್ಮ ಬೇಡ ಎಂದಿರಲೇ ಇಲ್ಲ, ವೀಣಾ. ಆಷಾಢದಲ್ಲಿ ಹೊಸ ಮನೆಗೆ ಕಾಲಿಡಬಾರದು ಎಂದು ಅವಳು ಹೇಳಿದಳೆಂದು ನಾನು ನಿನಗೆ ಹೇಳಿದ್ದು — ಸುಳ್ಳು. ಒಂಬತ್ತು ವರ್ಷಗಳಿಂದ ನಾವು ಮೂವರೂ ಆ ಸುಳ್ಳಿನ ಜೊತೆಗೇ ಬದುಕುತ್ತಿದ್ದೇವೆ. ಅದು ಸುಳ್ಳೆಂದು ಗೊತ್ತಿದ್ದವನು ನಾನೊಬ್ಬನೇ.

ಆಗ ನಾವು ಮಸ್ಕತ್‌ನಲ್ಲಿದ್ದೆವು, ಒಂದೇ ಕಚೇರಿಯಲ್ಲಿ ಇಬ್ಬರೂ ಆರ್ಕಿಟೆಕ್ಟರು. ಮುಂಬೈಯಲ್ಲಿ ಎಂ.ಆರ್ಕ್ ಓದಲು ಇಬ್ಬರೂ ಅರ್ಜಿ ಹಾಕಿದೆವು. ಸೀಟು ಸಿಕ್ಕಿದ್ದು ನಿನಗೆ. ತರಗತಿ ಶುರುವಾಗುವ ದಿನಕ್ಕೆ ಸರಿಯಾಗಿ ಊರು ಸೇರಬೇಕೆಂದು ಎಲ್ಲವನ್ನೂ ನೀನೇ ಹೊಂದಿಸಿದೆ — ಇಬ್ಬರ ರಾಜೀನಾಮೆ, ಸಾಮಾನು ಸಾಗಿಸುವುದು, ಸಾಂತಾಕ್ರೂಜ್‌ನಲ್ಲಿ ಬಾಡಿಗೆ ಮನೆ, ಪಾರ್ಲೆಯಲ್ಲಿದ್ದ ಅಮ್ಮನನ್ನೂ ಅಲ್ಲಿಗೇ ಕರೆಸಿಕೊಳ್ಳುವುದು. ಆ ದಿನ ಆಷಾಢದ ನಡುವೆ ಬಿತ್ತು. ನಾನು ಅಮ್ಮನಿಗೆ ಫೋನ್ ಮಾಡಿದೆ; ಬೇಡ ಎನ್ನಲಿ ಎಂದು ಒಳಗೊಳಗೇ ಹಾರೈಸುತ್ತಲೇ ಕೇಳಿದೆ. ಅವಳು ನಕ್ಕುಬಿಟ್ಟಳು.

“ಕಾಲೇಜೇನು ಪಂಚಾಂಗ ನೋಡ್ಕೊಂಡು ಶುರುವಾಗತ್ತೇನೋ? ಹಾಲುಕ್ಕಿಸೋದು ನಾನು ನೋಡ್ಕೋತೀನಿ, ನೀನು ಅವಳನ್ನ ಟೈಮಿಗೆ ಕರ್ಕೊಂಡು ಬಾ.”

ಫೋನಿಟ್ಟು ಬಂದು ನಾನು ನಿನಗೆ ಹೇಳಿದ್ದು ಬೇರೆ.

“ಆಷಾಢ ಕಳೀಲಿ ಅಂತಾಳೆ ಅಮ್ಮ.”

ನಿನ್ನ ಮುಖ ಆಗ — ಬೇಡ, ಅದನ್ನು ಬರೆಯುವ ಯೋಗ್ಯತೆ ನನಗಿಲ್ಲ. ‘ನಾನೊಬ್ಬಳೇ ಮೊದಲು ಹೋಗ್ತೀನಿ’ ಎಂದೆ ನೀನು. ಅತ್ತೆಯ ಮಾತು ಮೀರಿ ಹೋದರೆ ಅದೇ ಮನೆಯಲ್ಲಿ ಎರಡು ವರ್ಷ ಹೇಗೆ ಓದುತ್ತೀ ಎಂದು ನಾನು ಹೆದರಿಸಿದೆ. ತಡವಾಗಿ ಸೇರಲು ಕಾಲೇಜಿನವರನ್ನು ಒಪ್ಪಿಸಿದ್ದೇನೆ ಎಂದೂ ಹೇಳಿದೆ. ನಾನು ಅಲ್ಲಿ ಯಾರೊಡನೆಯೂ ಮಾತಾಡಿರಲಿಲ್ಲ. ಅಮ್ಮನಿಗೆ, ಕಚೇರಿಯವರು ಬೇಗ ಬಿಡುತ್ತಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿದೆ. ಶ್ರಾವಣದಲ್ಲಿ ನಾವು ಬಂದಿಳಿಯುವಷ್ಟರಲ್ಲಿ ನಿನ್ನ ಸೀಟು ಬೇರೆ ಯಾರಿಗೋ ಹೋಗಿತ್ತು. ಕಾಲೇಜಿನವರು ಮಾತಿಗೆ ತಪ್ಪಿದರೆಂದು ಕೂಗಾಡಿದವನೂ ನಾನೇ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಅದಕ್ಕೇ ಅಷ್ಟು ಜೋರು.

ಹೊಟ್ಟೆಕಿಚ್ಚು, ವೀಣಾ. ಅದಕ್ಕೆ ಬೇರೆ ಹೆಸರಿಲ್ಲ.

ಮರುವರ್ಷ ಮಗಳು ಹುಟ್ಟಿದಳು. ಆಮೇಲೆ ನೀನು ಓದಿನ ಮಾತೆತ್ತಲಿಲ್ಲ; ಬೇರೆಯವರ ಅಡುಗೆಮನೆ, ಕಪಾಟುಗಳ ನಕ್ಷೆ ಬರೆಯುತ್ತಾ ಕೂತೆ. ಅಮ್ಮನಿಗೆ ಹೊತ್ತುಹೊತ್ತಿಗೆ ಊಟ, ಮಾತ್ರೆ ಎಲ್ಲ ಕೊಟ್ಟೆ — ಒಂದು ನಗುಮುಖದ ಮಾತು ಬಿಟ್ಟು. “ಅವಳಿಗೆ ನನ್ ಮೇಲೆ ಏನೋ ಕೋಪ, ಕೇಳೋ” ಎಂದು ಅಮ್ಮ ಅಂದಾಗಲೆಲ್ಲ ನಾನು ಲೋಕಲ್ ತಪ್ಪಿಹೋಗುತ್ತದೆಂದು ಸ್ಟೇಶನ್ನಿಗೆ ಓಡುತ್ತಿದ್ದೆ.

ನಿನ್ನೆ, ಕಾಂದಿವಲಿಯ ಹೊಸ ಮನೆಗೆ ಯಾವಾಗ ಹೋಗುವುದೆಂಬ ಮಾತು ಬಂತು.

“ಬಿಲ್ಡಿಂಗ್ ರೆಡಿ ಇದ್ಯಲ್ಲ, ಈ ತಿಂಗಳೇ ಹೋಗೋಣ” ಎಂದಳು ಅಮ್ಮ. ಈ ತಿಂಗಳೆಂದರೆ ಆಷಾಢ.

ನೀನು ತರಕಾರಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟೆ.

“ನನ್ನ ಕಾಲೇಜಿಗೆ ಅಡ್ಡ ಬಂದ ಆಷಾಢ ಈಗ ಬರಲ್ವಾ, ಅತ್ತೆ? ಆವತ್ತು ನೀವು ಬೇಡ ಅಂದಿದ್ದಕ್ಕೇ ಅಲ್ವಾ ನನ್ನ ಸೀಟು ಹೋಗಿದ್ದು?”

ಅಮ್ಮ ನಿನ್ನನ್ನು ನೋಡಿದಳು. ಆಮೇಲೆ ನನ್ನನ್ನು. ನಾನು ತಲೆ ತಗ್ಗಿಸಿದೆ — ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು. ಈಗ ಬಾಯಿಬಿಡುತ್ತಾಳೆ ಎಂದುಕೊಂಡೆ.

“ತಪ್ಪಾಯ್ತು ಕಣಮ್ಮ” ಎಂದಳು ನಿನಗೆ. “ಆವಾಗ ನಂಗೆ ಅಷ್ಟು ತಿಳೀಲಿಲ್ಲ.”

ಮಾಡದ ತಪ್ಪನ್ನು ಅವಳು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದರೆ ನಾನು — ಸುಮ್ಮನಿದ್ದೆ. ಸುಮ್ಮನಿದ್ದದ್ದಷ್ಟೇ ಅಲ್ಲ, ಬಚಾವಾದೆ ಎಂದು ಉಸಿರುಬಿಟ್ಟೆ. ಹಳೆಯ ಸುಳ್ಳಿಗಿಂತ ಆ ಉಸಿರಿಗೆ ನನಗೆ ಹೆಚ್ಚು ನಾಚಿಕೆಯಾಗುತ್ತಿದೆ.

ಇವತ್ತು ಬೆಳಗಿನಿಂದ ಅಮ್ಮ ನನ್ನೊಡನೆ ಮಾತಾಡಿಲ್ಲ. ಸಂಜೆ ನೀನು ಮನೆಗೆ ಬಂದ ಮೇಲೆ, ಅವಳನ್ನೂ ಕೂರಿಸಿ ಇದನ್ನು ಗಟ್ಟಿಯಾಗಿ ಓದುತ್ತೇನೆ. ಮಗಳ ಕಿವಿಗೂ ಬೀಳುತ್ತದೆ, ಬೀಳಲಿ. ಹೊಸ ಮನೆಗೆ ಯಾವಾಗ ಹೋಗುವುದು, ಯಾರು ಯಾರು ಹೋಗುವುದು — ಈ ಸಲ ನೀವಿಬ್ಬರೇ ಗೊತ್ತುಮಾಡಿ.