ಕಲೆ ತೆಗೆಯುವವಳ ಬೆಕ್ಕು

ಬೆಕ್ಕನ್ನು ಕಳಿಸಿಬಿಡು ಎಂದು ಈ ಆರು ವರ್ಷಗಳಲ್ಲಿ ಅವಳಿಗೆ ಮೂರು ಜನ ಹೇಳಿದ್ದಾರೆ. ಮೂವರಿಗೂ ಸಿಕ್ಕ ಉತ್ತರ ಒಂದೇ: “ಆಗಲ್ಲ.” ಅದಕ್ಕಿಂತ ಉದ್ದದ ಉತ್ತರ ಬೇಕಾದವರು ಬೇರೆ ಮನೆ ನೋಡಿಕೊಳ್ಳಬೇಕು.

ಅವಳ ಕೆಲಸ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಬಟ್ಟೆಯ ಮೇಲಿನ ಕಲೆ ತೆಗೆಯುವುದೇ ಕಸುಬು. ಮೂವತ್ತೊಂದು ವರ್ಷದಿಂದ ಅದೇ ಮೇಜು, ಅದೇ ತೂಗುದೀಪ, ಸಾಲಾಗಿ ಹನ್ನೊಂದು ಬಾಟಲಿ, ಸವೆದ ನಾಲ್ಕು ಬ್ರಷ್ಷು. ಅಂಗಡಿಯವರೆಲ್ಲ ಅವಳನ್ನು ಕಲೆಯಕ್ಕ ಎನ್ನುತ್ತಾರೆ. ಬಟ್ಟೆ ಕೈಗೆ ಬಂದ ಕೂಡಲೇ ಸೋಪು, ನೀರು ಎಂದು ಓಡುವ ಪೈಕಿ ಅಲ್ಲ ಅವಳು. ಮೊದಲು ಕಣ್ಣು ಮುಚ್ಚಿ ಮೂಸುತ್ತಾಳೆ. ಮೂಗು ಮೊದಲು, ಕೈ ಆಮೇಲೆ. ಏಕೆಂದರೆ ಗಿರಾಕಿಗಳು ಸುಳ್ಳು ಹೇಳುತ್ತಾರೆ. “ಏನೋ ಜ್ಯೂಸ್ ಬಿತ್ತು” ಎಂದು ಕೊಟ್ಟ ಕೋಟು ಹೆಂಡದ ವಾಸನೆ ಹೊಡೆಯುತ್ತಿರುತ್ತದೆ. “ಮಗು ಹಾಲು ಕಕ್ಕಿತು” ಎಂದವರ ಮನೆಯಲ್ಲಿ ಮಗುವೇ ಇರುವುದಿಲ್ಲ. ಅವಳಿಗೆ ಎಲ್ಲ ಗೊತ್ತಾಗುತ್ತದೆ, ಆದರೆ ಬಾಯಿ ಬಿಡುವುದಿಲ್ಲ. ಪ್ರತಿ ಬಟ್ಟೆಗೂ ಒಂದು ಚೀಟಿ ಕಟ್ಟಿ ಅದರ ಮೇಲೆ ಏನು ಕಲೆ ಎಂದು ಬರೆಯಬೇಕು, ಅದು ಅಂಗಡಿಯ ನಿಯಮ. ಹೇಳಲು ನಾಚಿಕೆಯಾಗುವಂಥದ್ದು ಏನೇ ಇರಲಿ, ಅವಳು ಬರೆಯುವುದು ಒಂದೇ ಪದ: ಚಹಾ. ಯಾವ ಔಷಧಿ ಹಾಕಬೇಕೆಂಬುದು ಅವಳ ತಲೆಯಲ್ಲಿರುತ್ತದೆ. ಚೀಟಿ ಓದುವವರಿಗೆ ಅಷ್ಟು ಸಾಕು. “ಈ ಊರಿನವರಷ್ಟು ಚಹಾ ಚೆಲ್ಲೋರು ಎಲ್ಲೂ ಇಲ್ಲ” ಎಂದು ಮನೆಯಲ್ಲಿ ಊಟದ ಹೊತ್ತಿಗೆ ನಗುತ್ತಾಳೆ.

ಬೆಕ್ಕು ಸಿಕ್ಕಿದ್ದೂ ಆ ಅಂಗಡಿಯಲ್ಲೇ. ಯಾರೂ ಬಿಡಿಸಿಕೊಂಡು ಹೋಗದ ಒಂದು ಹಳೇ ಓವರ್‌ಕೋಟಿನ ತೋಳಿನೊಳಗೆ ಅಂಗೈಯಗಲದ ಮರಿ ಮಲಗಿತ್ತು. ಆಚೆ ಬಿಡು ಎಂದ ಅಂಗಡಿ ಮಾಲೀಕನಿಗೆ ಮೊದಲನೆಯ “ಆಗಲ್ಲ” ಸಿಕ್ಕಿತು. ಮನೆಗೆ ತಂದಾಗ, “ನಮಗ್ಯಾಕೆ ಇದೆಲ್ಲ?” ಎಂದು ಮೆಲ್ಲಗೆ ಕೇಳಿದ ಗಂಡನಿಗೆ ಎರಡನೆಯದು. ಗಂಡ ಗಡಿಯಾರ ರಿಪೇರಿಯವನು. ಜಗಳ ಎಂದರೆ ಕೈಯಲ್ಲಿರುವ ಸ್ಕ್ರೂ ಕಳೆದುಹೋಗುತ್ತದೆಂಬ ಭಯ ಅವನಿಗೆ. ಎರಡನೆಯ ಸಲ ಕೇಳಲಿಲ್ಲ. ಮರಿ ಬೆಳೆದು ಮೈತುಂಬಿಕೊಂಡಿತು, ಅಡುಗೆಮನೆಯ ಕಿಟಕಿಯ ಮೇಲೆ ಕೂತು ಬೀದಿಯವರನ್ನೆಲ್ಲ ತೂಕ ಹಾಕತೊಡಗಿತು, ದೊರೆ ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತು.

ಅವಳಿಗೆ ದೊರೆಯ ಮೇಲೆ ಅಷ್ಟು ಜೀವ ಯಾಕೆಂದರೆ, ಅಂಗಡಿಯ ಔಷಧಿಗಳ ವಾಸನೆ ಅವಳ ಕೈಗೆ ಹತ್ತಿ ಯಾವುದೋ ಕಾಲವಾಗಿದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಮುಂದಿನ ಸ್ಟಾಪಿನಲ್ಲಿ ಬೇರೆ ಸೀಟು ಹುಡುಕುತ್ತಾರೆ. ಗಂಡನಿಗೆ ವರ್ಷವಿಡೀ ನೆಗಡಿ, ಅವನ ಮೆಚ್ಚುಗೆ ಲೆಕ್ಕಕ್ಕಿಲ್ಲ. ಮೂಗು ಸರಿಯಿದ್ದೂ ಆ ಕೈಯ ಮೇಲೆಯೇ ಗಲ್ಲ ಊರಿ ಮಲಗುವ ಜೀವ ಅದೊಂದೇ.

ಐದೂಮುಕ್ಕಾಲು ವರ್ಷ ದೊರೆಯ ನಡತೆಗೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಬಚ್ಚಲುಮನೆಯ ಮೂಲೆಯಲ್ಲಿ ಮರಳು ತುಂಬಿದ ಟ್ರೇ. ಹೋಗುವುದು, ಕೆರೆಯುವುದು, ಮುಚ್ಚುವುದು, ಏನೂ ಆಗಿಲ್ಲವೆಂಬಂತೆ ಆಚೆ ಬರುವುದು. ಅತ್ತಿಗೆ ಬಂದ ಮೇಲೆ ಎಲ್ಲ ಕೆಟ್ಟಿತು.

ಅತ್ತಿಗೆ ಎಂದರೆ ಗಂಡನ ಅಕ್ಕ. ಮೂವತ್ತು ವರ್ಷ ಶಾಲೆಯ ಹೆಡ್‌ಮಿಸ್ ಆಗಿದ್ದವರು. ಒಂಟಿಯಾಗಿ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಾಯಿತೆಂದು ಮೂರು ತಿಂಗಳ ಹಿಂದೆ ತಮ್ಮನ ಮನೆಗೆ ಬಂದರು. ಒಳಗೆ ಕಾಲಿಟ್ಟವರೇ ಗಾಳಿ ಮೂಸಿ, “ಬೆಕ್ಕಿದೆ ಅಲ್ವಾ?” ಎಂದರು, ಅಷ್ಟೇ. ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ಊರವರ ಕಲೆಯನ್ನೆಲ್ಲ ತೆಗೆಯುವವಳ ಮನೆಯಲ್ಲಿ ವಾಸನೆಯೇ! ಅಂದಿನಿಂದ ದಿನಕ್ಕೆ ಎರಡು ಸಲ ಟ್ರೇಗೆ ಬ್ಲೀಚು, ಅದರ ಮೇಲೆ ನಿಂಬೆ ವಾಸನೆಯ ಲಿಕ್ವಿಡ್, ಅದೂ ಸಾಲದೆಂದು ಸೆಂಟು ಬೆರೆಸಿದ ಹೊಸ ಮರಳು. ಟ್ರೇ ಥಳಥಳ ಹೊಳೆಯಿತು.

ಹದಿನೈದು ದಿನ ಕಳೆಯುವುದರೊಳಗೆ ದೊರೆ ಅತ್ತಿಗೆಯ ಹಾಸಿಗೆಯ ಮೇಲೆ ಉಚ್ಚೆ ಹೊಯ್ಯತೊಡಗಿತು.

ಅವಳು ಹಾಸಿಗೆಗೆ ಅಮೋನಿಯಾ ನೀರು ಹಾಕಿ ಉಜ್ಜಿದಳು. ಹಳೇ ಬೆವರಿನ ಕಲೆಗೆ ಅಂಗಡಿಯಲ್ಲಿ ಅದೇ ರಾಮಬಾಣ. ದೊರೆ ಮತ್ತೆ ಅಲ್ಲೇ ಹೊಯ್ದಿತು. ಮತ್ತೆ ಉಜ್ಜಿದಳು. ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೊತ್ತೊಯ್ದಳು. ಆಕೆ ಹೊಟ್ಟೆ ಮುಟ್ಟಿ ನೋಡಿ, ಉಚ್ಚೆ ಪರೀಕ್ಷೆ ಮಾಡಿಸಿ, “ಕಾಯಿಲೆ ಏನೂ ಇಲ್ಲ. ಟ್ರೇನ ಯಾವುದರಲ್ಲಿ ತೊಳೀತೀರಿ?” ಎಂದು ಕೇಳಿದಳು. ಕಲೆಯಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ.

“ತೊಳೆಯೋದು ಹೇಗೆ ಅಂತ ನನಗೆ ಹೇಳಿಕೊಡ್ತೀರಾ? ನಿಮಗೆ ವಯಸ್ಸೆಷ್ಟೋ ಅಷ್ಟು ವರ್ಷದಿಂದ ತೊಳೀತಿದ್ದೀನಿ,” ಎಂದವಳೇ ಬೆಕ್ಕನ್ನು ಕಂಕುಳಲ್ಲಿ ಅವುಚಿಕೊಂಡು ಎದ್ದು ಬಂದಳು.

ಬುಧವಾರ ಬೆಳಿಗ್ಗೆ ಅತ್ತಿಗೆ ಪಂಚಾಯಿತಿ ಸೇರಿಸಿದರು. ಗಂಡ ಗಡಿಯಾರದ ಹೊಟ್ಟೆಯೊಳಗೆ ತಲೆ ಹಾಕಿ ಕೂತಿದ್ದ.

“ನಮ್ಮ ಪಾರ್ಕಿಗೆ ಗೋದಾಮಿನವರೊಬ್ಬರು ವಾಕಿಂಗ್ ಬರ್ತಾರೆ. ಇಲಿ ಕಾಟ, ಬೆಕ್ಕು ಬೇಕಂತೆ. ಭಾನುವಾರ ಬಂದು ತಗೊಂಡು ಹೋಗ್ತಾರೆ.”

“ಆಗಲ್ಲ ಅತ್ತಿಗೆ.”

“ಹಾಗಾದ್ರೆ ನಾನು ಒದ್ದೆ ಹಾಸಿಗೆಲೇ ಬಿದ್ದಿರಬೇಕಾ?”

ಎಪ್ಪತ್ತೆರಡು ವರ್ಷದ ಹೆಂಗಸು ಕೇಳುತ್ತಿದ್ದುದು ನ್ಯಾಯವೇ. ಅವಳು ಪಟ್ಟು ಬಿಡಲಿಲ್ಲ, ಆದರೆ ಮಾತು ಕೊಟ್ಟಳು. “ಭಾನುವಾರದ ತನಕ ಸಮಯ ಕೊಡಿ. ಅಷ್ಟರಲ್ಲಿ ಈ ಚಾಳಿ ಬಿಡಿಸ್ತೀನಿ. ಭಾನುವಾರ ಬೆಳಿಗ್ಗೆ ನಿಮ್ಮ ಹಾಸಿಗೆ ಒದ್ದೆ ಇದ್ರೆ, ನಾನೇ ಬುಟ್ಟಿಗೆ ಹಾಕಿ ಕೊಡ್ತೀನಿ.” ಗಂಡ ಆಗ ತಲೆಯೆತ್ತಿ ನೋಡಿದ. ಹೆಂಡತಿ ಕೊಟ್ಟ ಮಾತು ವಾಪಸ್ ತೆಗೆದುಕೊಂಡಿದ್ದನ್ನು ಅವನು ಕಂಡಿರಲಿಲ್ಲ.

ಅಂದು ಅಂಗಡಿಗೆ ರಜೆ ಹೇಳಿ ಬೆಕ್ಕಿನ ಬೆನ್ನು ಹತ್ತಿದಳು. ಮಧ್ಯಾಹ್ನ ದೊರೆ ಬಚ್ಚಲುಮನೆಗೆ ಹೋಯಿತು. ಟ್ರೇಯ ಅಂಚಿಗೆ ಮೂಗು ತಾಗಿಸಿತು, ತಲೆ ಕೊಡವಿ ಹಿಂದೆ ಸರಿಯಿತು. ನೇರ ಅತ್ತಿಗೆಯ ಕೋಣೆಗೆ ನಡೆದು ಹಾಸಿಗೆ ಹತ್ತಿ, ಅವಳು ಬೆಳಿಗ್ಗೆಯಷ್ಟೇ ಅಮೋನಿಯಾದಲ್ಲಿ ಉಜ್ಜಿದ್ದ ಜಾಗವನ್ನು ಮೂಸಿ, ಅಲ್ಲೇ ಕಾಲು ಕೆದರಿತು. ಅವಳು ಚಪ್ಪಾಳೆ ತಟ್ಟಿ ಓಡಿಸಿದಳು. ಆಗ ಹೊಳೆಯಿತು. ಮೂಗು ಮೊದಲು, ಕೈ ಆಮೇಲೆ ಎಂದು ಊರಿಗೆಲ್ಲ ಹೇಳುವವಳು ತನ್ನ ಮನೆಯಲ್ಲಿ ಒಂದು ಸಲವೂ ಮೂಸಿ ನೋಡಿರಲಿಲ್ಲವಲ್ಲ!

ಬಚ್ಚಲುಮನೆಗೆ ಹೋಗಿ ಮಂಡಿಯೂರಿ, ಕೈಯೂರಿ, ಬೆಕ್ಕಿನ ಎತ್ತರಕ್ಕೆ ತಲೆ ತಂದು ಟ್ರೇಯೊಳಗೆ ಮೂಗಿಟ್ಟಳು. ಬ್ಲೀಚಿನ ಘಾಟು ಕಣ್ಣಿಗೆ ಹೊಡೆದು ನೀರು ಬಂತು. ಮೂವತ್ತೊಂದು ವರ್ಷ ಪಳಗಿದ ಮೂಗಿಗೇ ಹೀಗಾದರೆ ಅದರ ಗತಿ ಏನು? ಹಾಗೇ ಹೋಗಿ ಹಾಸಿಗೆಯನ್ನು ಮೂಸಿದಳು. ಅಮೋನಿಯಾ ಥೇಟ್ ಹಳೇ ಉಚ್ಚೆಯ ವಾಸನೆ. ಹೋಗಬೇಕಾದ ಕಡೆಗೆ ಬೀಗ ಜಡಿದು, ಹೋಗಬಾರದ ಕಡೆಗೆ ದಾರಿ ತೋರಿಸಿದವಳು ತಾನೇ.

ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳೋಣವೆಂದು ಮತ್ತೆ ಟ್ರೇಯೊಳಗೆ ತಲೆ ಹಾಕಿದ್ದಾಗ ಅತ್ತಿಗೆ ಬಾಗಿಲಲ್ಲಿ ಬಂದು ನಿಂತರು.

“ಏನಮ್ಮಾ, ಇನ್ನು ನೀನೂ ಅದರಲ್ಲೇನಾ?”

ಅವಳು ಮಂಡಿಯೂರಿದಲ್ಲಿಂದಲೇ ತಲೆಯೆತ್ತಿದಳು. “ತಪ್ಪು ನನ್ನದು ಅತ್ತಿಗೆ. ಬೆಕ್ಕಿಂದಲ್ಲ. ನಾನು ತೊಳೆದಿದ್ದೇ ಹೆಚ್ಚಾಯ್ತು.” ತಪ್ಪೊಪ್ಪಿಕೊಳ್ಳುವಾಗಲೂ ಅವಳ ದನಿ ಜಗಳಕ್ಕೆ ನಿಂತವಳ ಹಾಗೇ ಇತ್ತು.

ಬ್ಲೀಚು, ನಿಂಬೆ, ಸೆಂಟಿನ ಮರಳು ಎಲ್ಲ ಕಸದ ಡಬ್ಬಿ ಸೇರಿದವು. ಟ್ರೇಗೆ ಬರೀ ಬಿಸಿನೀರು, ವಾಸನೆಯಿಲ್ಲದ ಸೋಪು, ಮೊದಲಿನ ಸಾದಾ ಮರಳು. ಹಾಸಿಗೆಗೆ ಅಂಗಡಿಯಿಂದ ಎಂಜೈಮ್ ಪುಡಿ ತಂದಳು. ರಕ್ತ, ಮೊಟ್ಟೆಯಂಥ ಕಲೆಗಳನ್ನು ಬೇರುಸಹಿತ ತಿಂದುಹಾಕುವ ಪುಡಿ ಅದು. ನೀರಿನಲ್ಲಿ ಕಲಸಿ ಸುರಿದು, ಅರ್ಧ ದಿನ ನೆನೆಯಲು ಬಿಟ್ಟು, ತೆಗೆದು, ಬಿಸಿಲಿಗೆ ಹಾಕಿದಳು. ಕಷ್ಟವಾಗಿದ್ದು ಕೊನೆಯ ಕೆಲಸ. ಇದೇ ನಿನ್ನ ಜಾಗ ಎಂದು ದೊರೆಗೆ ತಿಳಿಯಲಿಕ್ಕೆ, ಹೊಸ ಮರಳಿನ ಮೇಲೆ ಅದರದೇ ಒದ್ದೆ ಮರಳು ಒಂದು ಚಮಚ ಬೇಕೆಂದೇ ಹಾಕಬೇಕಿತ್ತು. ಹಾಕಿದಳು. ಹಾಕಿ, ಬಾಗಿಲಾಚೆ ಹಲ್ಲು ಕಚ್ಚಿಕೊಂಡು ನಿಂತಳು. ಗಲೀಜನ್ನು ಗಲೀಜೆಂದು ಗೊತ್ತಿದ್ದೂ ಹಾಗೇ ಬಿಡುವುದು ಅವಳ ಜನ್ಮದಲ್ಲಿ ಅದೇ ಮೊದಲು. ಎರಡು ಸಲ ಬ್ರಷ್ಷಿಗೆ ಕೈ ಹೋಯಿತು. ಎರಡು ಸಲವೂ ತನಗೆ ತಾನೇ “ಆಗಲ್ಲ” ಎಂದುಕೊಂಡಳು.

ಗುರುವಾರ ಸಂಜೆ ಬಚ್ಚಲುಮನೆಯಿಂದ ಮರಳು ಕೆರೆಯುವ ಸದ್ದು ಕೇಳಿಸಿತು. ಗಂಡ ಹೆಂಡತಿ ಬಾಗಿಲಿಗೆ ಕಿವಿಯಿಟ್ಟರು. ದೊರೆ ಏನೂ ಆಗಿಲ್ಲವೆಂಬಂತೆ ಆಚೆ ಬಂತು. ಶುಕ್ರವಾರ ಟ್ರೇಯಲ್ಲೇ, ಶನಿವಾರವೂ ಟ್ರೇಯಲ್ಲೇ. ಗೆದ್ದೆ ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಗೋದಾಮಿನವರು ಮುಚ್ಚಳದ ಬುಟ್ಟಿ ಹಿಡಿದು ನಡುಮನೆಯಲ್ಲಿ ಕೂತಿದ್ದರು. ಒಳಗಿನಿಂದ ಅತ್ತಿಗೆ ಕೂಗಿದರು.

“ಬಂದು ನೋಡಮ್ಮಾ ನಿನ್ನ ದೊರೆ ಮಾಡಿರೋದನ್ನ. ಮಾತು ಕೊಟ್ಟಿದ್ದೆ ಅಲ್ವಾ?”

ಹಾಸಿಗೆಯ ನಡುವೆ ಅಗಲವಾಗಿ ಒದ್ದೆ. ಅತ್ತಿಗೆ ಗೋಡೆಗೆ ಒರಗಿ, ಸೆರಗು ಬಿಗಿಯಾಗಿ ಹೊದ್ದು ನಿಂತಿದ್ದರು. ಹಿಂದೆಯೇ ಗಂಡ, ಅವನ ಹಿಂದೆ ಬುಟ್ಟಿ ಹಿಡಿದ ಗೋದಾಮಿನವರು ಬಾಗಿಲಿಗೆ ಬಂದರು. ಅವಳು ಬಗ್ಗಿ, ಅಭ್ಯಾಸದಂತೆ ಕಣ್ಣು ಮುಚ್ಚಿ ಮೂಸಿದಳು.

ಬೆಕ್ಕಿನದು ಮೂಗಿಗೆ ಚುಚ್ಚುತ್ತದೆ, ಎಂಥವರಿಗೂ ತಿಳಿಯುತ್ತದೆ. ಇದು ಚುಚ್ಚುತ್ತಿರಲಿಲ್ಲ. ಇದು ಮನುಷ್ಯರದು.

ಅವಳು ತಕ್ಷಣ ಕಣ್ಣು ತೆರೆಯಲಿಲ್ಲ. ಅತ್ತಿಗೆ ಎರಡು ತಿಂಗಳಿಂದ ಸಂಜೆಯ ಮೇಲೆ ನೀರು ಮುಟ್ಟದೆ ಇದ್ದದ್ದು, ಚಹಾ ಬಿಟ್ಟದ್ದು, ತಮ್ಮ ಹೊದಿಕೆಯನ್ನು ತಾವೇ ಒಗೆದುಕೊಳ್ಳುತ್ತೇನೆಂದು ಹಟ ಮಾಡಿದ್ದು, ಎಲ್ಲ ಸಾಲಾಗಿ ನೆನಪಿಗೆ ಬಂತು. ಹಾಸಿಗೆ ಒದ್ದೆಯಾದಾಗಲೆಲ್ಲ ಅದು ದೊರೆಯದೇ ಆಗಿರಲಿಲ್ಲ. ಬಾಯಿಲ್ಲದ ಪ್ರಾಣಿಯ ಮೇಲೆ ಹಾಕಿದರಲ್ಲ ಎಂದು ಸಿಟ್ಟು ನೆತ್ತಿಗೇರಿತು. ನಿಜ ಹೇಳಿದರೆ ಒಂದೇ ಮಾತಿನಲ್ಲಿ ಬೆಕ್ಕು ಉಳಿಯುತ್ತಿತ್ತು. ತಲೆಯೆತ್ತಿ ನೋಡಿದಳು. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಹೆಡ್‌ಮಿಸ್ ಈಗ ತಾವೇ ನಿಂತಂತೆ ನಿಂತಿದ್ದರು. ಅವಳ ಮೂಗು ಎಂಥದ್ದೆಂದು ಅವರಿಗೂ ಗೊತ್ತಿತ್ತು. ಕಣ್ಣು ಅವಳ ಬಾಯಿಯ ಮೇಲೇ ಇತ್ತು.

“ಚಹಾ,” ಎಂದಳು ಅವಳು.

“ಅಕ್ಕ ಚಹಾ ಕುಡಿಯೋದು ಬಿಟ್ಟಿದ್ದಾಳಲ್ಲೇ?” ಎಂದ ಗಂಡ.

“ನಾನು ಬಿಟ್ಟಿಲ್ವಲ್ಲ. ಬೆಳಿಗ್ಗೆ ಕಿಟಕಿ ತೆಗೆಯೋಕೆ ಬಂದು ನಾನೇ ಚೆಲ್ಲಿದೆ. ಅತ್ತಿಗೆಗೆ ಗೊತ್ತಿಲ್ಲ.”

“ಬಣ್ಣವೇ ಕಾಣಲ್ವಲ್ಲಮ್ಮ?” ಎಂದು ಗೋದಾಮಿನವರು ಕತ್ತು ಚಾಚಿದರು.

“ಮೂವತ್ತೊಂದು ವರ್ಷದಿಂದ ಕಲೆ ನೋಡ್ತಿರೋಳು ನಾನು. ನಾನು ಚಹಾ ಅಂದ್ರೆ ಅದು ಚಹಾ. ನೀವು ಬುಟ್ಟಿ ತಗೊಂಡು ಹೊರಡಿ. ಇಲಿ ಹಿಡಿಯೋಕೆ ಬೋನು ಸಿಗುತ್ತೆ, ಅದನ್ನ ತಗೊಳ್ಳಿ.”

ಅವರು ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ತಮ್ಮ ಹಳೇ ತರಗತಿಯ ದನಿಯಲ್ಲಿ, “ಹೇಳಿದ್ದು ಕೇಳಿಸ್ಲಿಲ್ವಾ? ಹೊರಡಿ,” ಎಂದರು. ಗಂಡ ಅವರನ್ನು ಬಾಗಿಲ ತನಕ ಬಿಟ್ಟುಬರಲು ಹೋದ.

ಹೊದಿಕೆಯ ಒಂದು ತುದಿಯನ್ನು ಅವಳು ಹಿಡಿದಳು. ಇನ್ನೊಂದು ತುದಿಯನ್ನು ಅತ್ತಿಗೆ ಹಿಡಿದರು.

“ವಾಸನೆ ಬಂತು ಅಂತ ಬೆಕ್ಕನ್ನೇ ಕಳಿಸೋ ಮನೇಲಿ,” ಎಂದರು ಮೆಲ್ಲಗೆ, “ನನ್ನ ಹೇಗೆ ಇಟ್ಕೋತಾರೆ ಅಂತ ಹೆದರಿಕೆ ಆಯ್ತಮ್ಮ.”

“ಬೆಕ್ಕನ್ನ ಕಳಿಸಿ ಅಂದೋರು ನೀವೇ ಅಲ್ವಾ ಅತ್ತಿಗೆ?”

“ಹೂಂ. ನಾನೇ.”

ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಇಳಿಸಿಕೊಳ್ಳುವ ಆತುರವೂ ಅವಳಿಗಿರಲಿಲ್ಲ. ಹೊದಿಕೆಯನ್ನು ಮುದ್ದೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು. “ನಾಳೆ ಡಾಕ್ಟರ ಹತ್ರ ಹೋಗೋಣ. ಇದಕ್ಕೆಲ್ಲ ಔಷಧಿ ಇದೆ. ಬರಲ್ಲ ಅಂದ್ರೆ ದೊರೆನ ಹೊತ್ಕೊಂಡು ಹೋದ ಹಾಗೆ ಹೊತ್ಕೊಂಡು ಹೋಗ್ತೀನಿ. ಇವತ್ತಿಂದ ಸಂಜೆ ನೀರು ಕುಡೀಬೇಕು, ಚಹಾನೂ ಕುಡೀಬೇಕು. ಒದ್ದೆ ಆದ್ರೆ ನನ್ನ ಕೂಗಿ. ಎಂಜೈಮ್ ಪುಡಿ ಡಬ್ಬಿಗಟ್ಟಲೆ ಇದೆ.”

“ಪರವಾಗಿಲ್ವಾ?”

ಬಚ್ಚಲುಮನೆಯಲ್ಲಿ ಮರಳು ಕೆರೆಯುವ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ದೊರೆ ಬಂದು ಇಬ್ಬರ ಕಾಲಿನ ನಡುವೆ ಹಾದು, ಬೋಳು ಹಾಸಿಗೆಯ ಒಣ ತುದಿಯಲ್ಲಿ ಕೂತಿತು.

“ಮಾಲೀಕರಿಗೆ ಹೇಳಿದ್ದೀನಿ, ನಿಮ್ಮ ತಮ್ಮನಿಗೆ ಹೇಳಿದ್ದೀನಿ, ನಿಮಗೂ ಬುಧವಾರ ಹೇಳಿದ್ದೀನಿ,” ಎಂದಳು ಅವಳು. “ನನ್ನ ಮನೆಯಿಂದ ಯಾರನ್ನೂ ಕಳಿಸೋಕಾಗಲ್ಲ.”